ಹಳೆಯ ಲಾರಿ ನಡುದಾರಿಯಲ್ಲಿ ಆಫ್ ಆದರೆ: ವೈರಿಂಗ್ ದೋಷ ಪತ್ತೆ ಮಾಡುವ ಕ್ರಮ



ಒಂದೋ ಎರಡೋ ಹಳೆಯ ಲಾರಿ ಇಟ್ಟುಕೊಂಡು ಸಂಸಾರ ನಡೆಸುವ ಸದಸ್ಯರು ನಮ್ಮಲ್ಲಿ ಹಲವರಿದ್ದಾರೆ. ಓಡುತ್ತಿದ್ದ ಲಾರಿ ಇದ್ದಕ್ಕಿದ್ದಂತೆ ಆಫ್ ಆದರೆ ಮೊದಲು ಡೀಸೆಲ್ ಪಂಪು ಬಿಚ್ಚಿಸುವುದು ರೂಢಿ. ಸಾವಿರಾರು ರೂಪಾಯಿ ಖರ್ಚಾದ ಮೇಲೆ, ದೋಷ ಒಂದು ಸಡಿಲ ವೈರಿನಲ್ಲಿತ್ತು ಎಂದು ತಿಳಿಯುವುದುಂಟು. ಹಾಗಾಗದಂತೆ ನೋಡಬೇಕಾದ ಕ್ರಮವನ್ನು ಕೆಳಗೆ ಕೊಟ್ಟಿದೆ.

1. ಮೊದಲು ಸುರಕ್ಷತೆ

ಸತ್ಯಮಂಗಲ–ಚಾಮರಾಜನಗರ ರಸ್ತೆಯ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ತಾಳವಾಡಿ ಕಡೆಯವರಿಗೆ ಹೇಳಬೇಕಾಗಿಲ್ಲ. ಇಂತಹ ಇಳಿಜಾರಿನಲ್ಲಿ ಇಂಜಿನ್ ಆಫ್ ಆದರೆ ಕ್ಲಚ್ ಒತ್ತಬೇಡಿ, ಗೇರ್ ಬಿಡಬೇಡಿ. ಗೇರಿನಲ್ಲಿದ್ದರೆ ಗಾಲಿಗಳೇ ಇಂಜಿನನ್ನು ತಿರುಗಿಸುತ್ತವೆ. ಏರ್ ಕಂಪ್ರೆಸರ್ ಮತ್ತು ಪವರ್ ಸ್ಟೇರಿಂಗ್ ಪಂಪು ಕೆಲಸ ಮಾಡುತ್ತಿರುತ್ತವೆ. ಬ್ರೇಕನ್ನು ಪದೇ ಪದೇ ಒತ್ತಿ ಬಿಟ್ಟರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ಒಂದೇ ಸಮನೆ ಒತ್ತಿ ಎಡಕ್ಕೆ ನಿಲ್ಲಿಸಿ. ನಿಲ್ಲುವವರೆಗೆ ಕೀ ತೆಗೆಯಬೇಡಿ. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಹಿಂದೆ ತ್ರಿಕೋನ ಇಡಿ.

2. ಡೀಸೆಲ್ಲೋ, ಕರೆಂಟೋ?

ಮೈಕೋ ಮಾದರಿಯ ಹಳೆಯ ಪಂಪಿರುವ ಡೀಸೆಲ್ ಇಂಜಿನ್ನಿಗೆ ಒಮ್ಮೆ ಸ್ಟಾರ್ಟ್ ಆದ ಮೇಲೆ ಓಡಲು ಕರೆಂಟು ಬೇಡ. ಕೈಯಿಂದ ಎಳೆಯುವ ಸ್ಟಾಪ್ ಕೇಬಲ್ ಇರುವ ಲಾರಿ ಆಫ್ ಆದರೆ ವೈರಿಂಗನ್ನು ದೂರಬೇಡಿ. ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಗಾಳಿ, ಫೀಡ್ ಪಂಪ್ ನೋಡಿ. ಕೀ ತಿರುಗಿಸಿ ಆಫ್ ಮಾಡುವ ಲಾರಿಗಳಲ್ಲಿ ಪಂಪಿನ ಬಳಿ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಕರೆಂಟಿನ ದೋಷ ಇಂಜಿನನ್ನು ನಿಲ್ಲಿಸುವುದು ಇದರ ಮೂಲಕವೇ.

ಲಕ್ಷಣದಲ್ಲಿ ವ್ಯತ್ಯಾಸವಿದೆ. ಡೀಸೆಲ್ ಸಾಲದಿದ್ದರೆ ಇಂಜಿನ್ ಮೊದಲು ಎಳೆತ ಕಳೆದುಕೊಂಡು, ಮುಕ್ಕರಿಸಿ ಆಮೇಲೆ ನಿಲ್ಲುತ್ತದೆ. ಹ್ಯಾಂಡ್ ಪಂಪ್ ಹೊಡೆದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಕರೆಂಟು ಹೋದರೆ ಕೀ ತಿರುಗಿಸಿದಂತೆ ಒಮ್ಮೆಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವುದೂ ಉಂಟು.

3. ಸೊಲೆನಾಯ್ಡ್ ಯಾವ ಬಗೆಯದು?

ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಸೊಲೆನಾಯ್ಡ್ ವೈರ್ ತೆಗೆಯಿರಿ. ಇಂಜಿನ್ ನಿಂತರೆ, ಓಡಲು ಕರೆಂಟು ಬೇಕಾದ ಬಗೆ. ವೈರ್ ತುಂಡಾದರೆ ಲಾರಿ ಆಫ್. ನಿಲ್ಲದಿದ್ದರೆ, ನಿಲ್ಲಿಸಲು ಮಾತ್ರ ಕರೆಂಟು ಬೇಕಾದ ಬಗೆ. ಇದರಲ್ಲಿ ಸಿಪ್ಪೆ ಸವೆದ ಇನ್ನೊಂದು ವೈರಿನಿಂದ ಕರೆಂಟು ಹಾದು ಬಂದಾಗ ಮಾತ್ರ ಇಂಜಿನ್ ನಿಲ್ಲುತ್ತದೆ.

4. ಪರೀಕ್ಷೆಯ ಕ್ರಮ (ಓಡಲು ಕರೆಂಟು ಬೇಕಾದ ಬಗೆಗೆ)

ಅ) ಆಫ್ ಆದ ಕೂಡಲೇ, ಕೀ ಆನ್ ಇರುವಾಗಲೇ ಡ್ಯಾಶ್‌ಬೋರ್ಡ್ ನೋಡಿ. ದೀಪ, ಹಾರ್ನ್ ಎಲ್ಲವೂ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಅರ್ತಿಂಗ್ ಪಟ್ಟಿ, ಕೀ ಸ್ವಿಚ್ ನೋಡಿ. ದೀಪಗಳು ಸರಿಯಿದ್ದರೆ ಸೊಲೆನಾಯ್ಡಿನ ಫ್ಯೂಸ್, ರಿಲೇ, ವೈರ್ ನೋಡಿ.

ಆ) ಮಲ್ಟಿಮೀಟರಿನಿಂದ ಬ್ಯಾಟರಿ ಅಳೆಯಿರಿ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟು. ಪೂರ್ತಿ ಚಾರ್ಜಾಗಿ, ಇಂಜಿನ್ ನಿಂತಿದ್ದಾಗ ಸುಮಾರು 25.4, ಓಡುವಾಗ 27.5ರಿಂದ 28.5 ಇರಬೇಕು. ಓಡುವಾಗಲೂ ಏರದಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ. 12 ವೋಲ್ಟಿನ ಸಣ್ಣ ಗಾಡಿಗಳಲ್ಲಿ ಇದರ ಅರ್ಧ.

ಇ) ಕೀ ಆನ್ ಇಟ್ಟು ಸೊಲೆನಾಯ್ಡಿನ ತುದಿಯಲ್ಲಿ ಅಳೆಯಿರಿ. ಬ್ಯಾಟರಿಗಿಂತ 1 ವೋಲ್ಟಿಗೂ ಹೆಚ್ಚು ಕಡಿಮೆಯಿದ್ದರೆ ದಾರಿಯಲ್ಲಿ ಎಲ್ಲೋ ತುಕ್ಕು ಅಥವಾ ಸಡಿಲವಿದೆ. ಕರೆಂಟು ಪೂರ್ತಿ ಬಂದೂ ‘ಟಕ್’ ಎಂದು ಎಳೆದುಕೊಳ್ಳದಿದ್ದರೆ ಸೊಲೆನಾಯ್ಡೇ ಕೆಟ್ಟಿದೆ. ಕೆಲವು ಸೊಲೆನಾಯ್ಡ್‌ಗಳು ಸೆಲ್ಫ್ ಹೊಡೆದಾಗ ಮಾತ್ರ ಎಳೆದುಕೊಳ್ಳುತ್ತವೆ.

ಈ) ಅರ್ತಿಂಗ್ ನೋಡಲು ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಉ) ಗೇರ್ ನ್ಯೂಟ್ರಲ್ ಇಟ್ಟು, ಇಂಜಿನ್ ಓಡುತ್ತಿರುವಾಗ ಕೀ ಮತ್ತು ವೈರಿನ ಕಟ್ಟನ್ನು ಮೆಲ್ಲಗೆ ಅಲ್ಲಾಡಿಸಿ, ಬೆಲ್ಟು, ಫ್ಯಾನಿನಿಂದ ಕೈ ದೂರವಿರಲಿ. ಯಾವ ಜಾಗದಲ್ಲಿ ಇಂಜಿನ್ ನಿಂತಿತೋ ದೋಷ ಅಲ್ಲಿದೆ. ಕ್ಯಾಬಿನ್ನಿನಿಂದ ಇಂಜಿನ್ನಿಗೆ ವೈರ್ ಇಳಿಯುವ ತೂತಿನ ಬಳಿ ಸವೆತ ಹೆಚ್ಚು. ಹೊರಗೆ ಸಿಪ್ಪೆ ಸರಿಯಿದ್ದು ಒಳಗೆ ತಾಮ್ರದ ಎಳೆ ತುಂಡಾಗಿರುವುದೂ ಉಂಟು.

ಊ) ಬಿಸಿಯಾದಾಗ ಮಾತ್ರ ಆಫ್ ಆಗಿ, ಆರಿದ ಮೇಲೆ ಸ್ಟಾರ್ಟ್ ಆಗುತ್ತಿದ್ದರೆ ಸೊಲೆನಾಯ್ಡ್ ಅಥವಾ ರಿಲೇಯ ಕಾಯಿಲ್ ಮೇಲೆ ಅನುಮಾನ ಪಡಿ. ಆರುವ ಮೊದಲೇ ಅಳೆಯಬೇಕು. ಆರಿದ ಮೇಲೆ ಎಲ್ಲವೂ ಸರಿಯೆಂದೇ ತೋರುತ್ತದೆ.

5. ಮಾಡಬಾರದ್ದು

ಫ್ಯೂಸ್ ಬದಲು ತಂತಿ ಸುತ್ತಬೇಡಿ. ಬೆಂಕಿಗೆ ಅದೇ ದಾರಿ. ಸೊಲೆನಾಯ್ಡಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಹಾಗೆಯೇ ಓಡಿಸಬೇಡಿ. ಅಪಘಾತದಲ್ಲಿ ಕೀ ತಿರುಗಿಸಿದರೂ ಇಂಜಿನ್ ನಿಲ್ಲುವುದಿಲ್ಲ. ಮೂರು ವೈರಿನ ಸೊಲೆನಾಯ್ಡಿನಲ್ಲಿ ಎಳೆಯುವ ಕಾಯಿಲ್‌ಗೆ ಕ್ಷಣಮಾತ್ರ ಕರೆಂಟು ಸಲ್ಲಬೇಕು. ನೇರ ಕೊಟ್ಟರೆ ಸುಟ್ಟುಹೋಗುತ್ತದೆ.

6. ಹೊಸ ಲಾರಿಗಳು

2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 4 ಬಂದ ನಂತರದ ಬಹುಪಾಲು ಲಾರಿಗಳಲ್ಲಿ ಇಂಜಿನ್ ನಡೆಸುವುದು ಕಂಪ್ಯೂಟರ್ ಮತ್ತು ಸೆನ್ಸರ್‌ಗಳು. ಅವಕ್ಕೆ ಸ್ಕ್ಯಾನರ್ ಬೇಕು. ಮೇಲಿನ ಕ್ರಮ ಸಾಲದು.

7. ಮೆಕ್ಯಾನಿಕ್‌ಗೆ ಹೇಳಬೇಕಾದ್ದು

ಒಮ್ಮೆಲೇ ನಿಂತಿತೋ, ಮುಕ್ಕರಿಸಿ ನಿಂತಿತೋ, ದೀಪಗಳು ಉರಿಯುತ್ತಿದ್ದವೋ, ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು. ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಕ್ಯಾಬಿನ್ನಿನಲ್ಲಿಡಿ. ಹೊಸೂರಿನಲ್ಲಿ ತಮಿಳು, ಸೊಲ್ಲಾಪುರದಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು ಮಾತಾಡುವ ಮೆಕ್ಯಾನಿಕ್ ಸಿಕ್ಕರೂ ಫ್ಯೂಸ್, ರಿಲೇ, ಸೊಲೆನಾಯ್ಡ್ ಎಂಬ ಮಾತು ಎಲ್ಲರಿಗೂ ಒಂದೇ. ಮೀಟರ್ ಇಟ್ಟು ನೋಡುವ ಮೊದಲು ಪಂಪು ಬಿಚ್ಚಲು ಒಪ್ಪಬೇಡಿ.

— ಕಾರ್ಯದರ್ಶಿ