ಅರಣ್ಯಮಾರ್ಗವೂ ಶ್ರಾವಕನ ಹೆಜ್ಜೆಯೂ

ಹುಬ್ಬಳ್ಳಿಯ ದುರ್ಗದಬೈಲು ವ್ಯಾಪಾರದ ನೆಲೆಯೆಂಬುದು ಸರ್ವವಿದಿತ. 1727ರಲ್ಲಿ ಬಸಪ್ಪ ಶೆಟ್ಟರೆಂಬ ವರ್ತಕರು ಇಲ್ಲಿಯ ಕೋಟೆಯ ಸುತ್ತ ಹೊಸಹುಬ್ಬಳ್ಳಿಯನ್ನು ಬೆಳೆಸಿದರು. ಆ ದುರ್ಗದ ಹೆಸರನ್ನು ಪೇಟೆ ಇಂದಿಗೂ ಉಳಿಸಿಕೊಂಡಿದೆ. ಆದರೆ ಅಂಗಡಿಗಳಿಂದ ಮಾತ್ರವೇ ಪೇಟೆ ಬೆಳೆಯುವುದಿಲ್ಲ, ದಾರಿಗಳಿಂದ ಬೆಳೆಯುತ್ತದೆ. ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಹೊರಟ ದಾರಿಗಳು ಮುಂಡಗೋಡ, ಶಿರಸಿಗಳ ಕಾಡನ್ನು ಹೊಕ್ಕು, ಘಟ್ಟವನ್ನಿಳಿದು ಕಡಲನ್ನು ಸೇರುತ್ತಿದ್ದವು. ಇಂದು ಅದೇ ಕಾಡಿಗೆ, ಅದೇ ನದೀತೀರಗಳಿಗೆ ಜೈನ ಕುಟುಂಬಗಳ ತರುಣ ತರುಣಿಯರೂ ಬೆನ್ನಿಗೆ ಚೀಲವೇರಿಸಿ ಚಾರಣಕ್ಕೆ ಹೋಗುತ್ತಾರೆ. ಹಿರಿಯರಲ್ಲಿ ಕೆಲವರು ಇದನ್ನು ವ್ಯರ್ಥ ಅಲೆದಾಟವೆನ್ನುತ್ತಾರೆ. ಕಿರಿಯರು ನಿರ್ದೋಷವಾದ ಆನಂದವೆನ್ನುತ್ತಾರೆ. ಇತಿಹಾಸವನ್ನೂ ಶ್ರಾವಕಾಚಾರವನ್ನೂ ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ಉಚಿತ.

ಈ ದಾರಿಗಳಲ್ಲಿ ಮೊದಲು ನಡೆದವರು ಪ್ರಯೋಜನಕ್ಕಾಗಿ ನಡೆದವರು. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಮೇಲೆ, ಅನಂತರ ಗಾಡಿಗಳಲ್ಲಿ, ಸುಮಾರು 160 ಕಿಲೋಮೀಟರ್ ದೂರದ ಕುಮಟೆಯ ಬಂದರಿಗೆ ಇಳಿಯುತ್ತಿತ್ತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ದುರ್ಲಭವಾದಾಗ ಈ ಸಾಗಣೆಗೆ ಮಹತ್ವ ಬಂದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಹತ್ತಿಯ ಹಾಗೂ ಬಂದರಿನ ಲೆಕ್ಕಾಚಾರವಿತ್ತು. ರೈಲುಮಾರ್ಗ ಬಂದ ಮೇಲೆ ಕುಮಟೆಯ ಹತ್ತಿ ವ್ಯಾಪಾರ ಕುಗ್ಗಿತು.

ಇದಕ್ಕೂ ಹಿಂದಿನದು ಗೇರುಸೊಪ್ಪೆಯ ಕಥೆ. ಶರಾವತಿಯ ದಂಡೆಯ ಆ ನಗರದಿಂದ ಸಾಳುವ ವಂಶದ ಜೈನ ರಾಣಿ ಚೆನ್ನಭೈರಾದೇವಿ 1552ರಿಂದ ಸುಮಾರು 1606ರವರೆಗೆ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಕಾಳುಮೆಣಸಿನ ಬಳ್ಳಿ ಹಬ್ಬುವುದಕ್ಕೆ ಬದುಕಿರುವ ಮರ ಬೇಕು, ನೆರಳು ಬೇಕು, ತೇವ ಬೇಕು. ಆ ನಗರದ ಸಂಪತ್ತು ನಿಂತ ಕಾಡನ್ನು ಅವಲಂಬಿಸಿತ್ತೆಂಬುದನ್ನು ವರ್ತಕ ಸಮಾಜ ನೆನಪಿಡತಕ್ಕದ್ದು.

ಕೆಳದಿಯ ವೆಂಕಟಪ್ಪ ನಾಯಕನು ರಾಜ್ಯವನ್ನು ಗೆದ್ದ ಮೇಲೆ ನಗರ ಬರಿದಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ನದಿಯನ್ನೇರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದನು. ನದಿಯ ಚೆಲುವನ್ನು ಅವನು ಮನಸಾರೆ ಹೊಗಳಿದನು. ಆದರೆ ರಾಣಿಯ ರಾಜಧಾನಿಯಾಗಿದ್ದ ಸ್ಥಳದಲ್ಲಿ ಅವನು ಕಂಡದ್ದು ಹಾಳು ಬಿದ್ದ ನೆಲ, ಬೆಳೆದು ನಿಂತ ಗಿಡಮರ. ನಾಲ್ಕು ದಿಕ್ಕಿಗೂ ದ್ವಾರವುಳ್ಳ ಅಲ್ಲಿಯ ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ನಿಂತಿದೆ. ಚಾರಣಿಗರಲ್ಲಿ ಹಲವರು ಆ ದಾರಿಯಲ್ಲಿ ಹೋಗುವರಾದರೂ ಬಸದಿಯ ಚರಿತ್ರೆಯನ್ನು ಅರಿತು ಹೋಗುವವರು ವಿರಳ.

ಇನ್ನು ಆಚಾರದ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತವನ್ನು ವಿವರಿಸುವಾಗ ಗೃಹಸ್ಥನ ಸಂಚಾರಕ್ಕೆ ಎಲ್ಲೆಗಳನ್ನು ಹೇಳುತ್ತಾರೆ. ಆ ಎಲ್ಲೆಗಳಲ್ಲಿ ಸಮುದ್ರ, ನದಿ, ಕಾಡು, ಪರ್ವತಗಳು ಸೇರಿವೆ. ಎಂದರೆ ನದಿಯೂ ಅರಣ್ಯವೂ ಶ್ರಾವಕನಿಗೆ ಕೇವಲ ನೋಟದ ವಸ್ತುಗಳಲ್ಲ, ಆಸೆಗೆ ಹಾಕಿದ ಗಡಿಕಲ್ಲುಗಳು. ಅನರ್ಥದಂಡದ ಪ್ರಕರಣದಲ್ಲಿ ಅವರು ಪ್ರಮಾದಚರ್ಯೆಯೆಂಬ ದೋಷವನ್ನು ಹೆಸರಿಸುತ್ತಾರೆ. ನಿಷ್ಫಲವಾಗಿ ನೆಲವನ್ನು ಅಗೆಯುವುದು, ನೀರನ್ನು ಕದಡುವುದು, ಬೆಂಕಿ ಹಚ್ಚುವುದು, ಸಸ್ಯವನ್ನು ಮುರಿಯುವುದು, ತಾನೂ ಸುಮ್ಮನೆ ಅಲೆದು ಇತರರನ್ನೂ ಅಲೆಯಿಸುವುದು ಇದರಲ್ಲಿ ಬರುತ್ತವೆ. ಕಾಡಿನಲ್ಲಿ ರಾತ್ರಿ ಒಲೆ ಹೂಡುವ, ಹೊಳೆಯಲ್ಲಿ ಸಾಬೂನು ಕರಗಿಸುವ, ಕಾಲಿಗೆ ಹತ್ತಿದ ಉಂಬಳಕ್ಕೆ ಉಪ್ಪು ಸುರಿದು ಕೊಲ್ಲುವ ಗುಂಪುಗಳನ್ನು ಕಂಡವರಿಗೆ ಈ ಪಟ್ಟಿ ಹಳೆಯದೆನಿಸದು.

ಹಾಗೆಂದು ನಡಿಗೆಯೇ ದೋಷವೆಂದು ತಿಳಿಯಲಾಗದು. ದೋಷವಿರುವುದು ನಿಷ್ಫಲತೆಯಲ್ಲಿ, ಅಜಾಗರೂಕತೆಯಲ್ಲಿ. ಮುನಿಗಳು ಪಾದವಿಹಾರಿಗಳು, ನಡೆಯುವುದೇ ಅವರ ಧರ್ಮ. ಅವರಿಗೆ ವಿಧಿಸಿದ ಈರ್ಯಾಸಮಿತಿಯ ನಿಯಮಗಳು ಸ್ಪಷ್ಟವಾಗಿವೆ: ಹಗಲಿನ ಬೆಳಕಿನಲ್ಲಿ ನಡೆಯಬೇಕು, ಜನರೂ ದನಕರುಗಳೂ ತುಳಿದು ಸವೆಸಿದ ದಾರಿಯಲ್ಲೇ ಸಾಗಬೇಕು, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕು, ಪ್ರಯೋಜನವಿದ್ದರೆ ಮಾತ್ರ ಹೊರಡಬೇಕು. ಇಂದು ಅರಣ್ಯರಕ್ಷಕರು ಚಾರಣಿಗರಿಗೆ ಹೇಳುವುದೂ ಬಹುಮಟ್ಟಿಗೆ ಇದನ್ನೇ: ದಾರಿ ಬಿಟ್ಟು ಹೋಗಬೇಡಿ, ಕತ್ತಲಾಗುವ ಮುನ್ನ ಹಿಂದಿರುಗಿ.

ಒಂದು ವಿಷಯದಲ್ಲಂತೂ ಕಾಲವೇ ತಿರುವುಮುರುವಾಗಿದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವರಾಶಿಯಿಂದ ತುಂಬುವುದರಿಂದ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಆದರೆ ಘಟ್ಟದ ಜಲಪಾತಗಳಿಗೆ ಜನ ನುಗ್ಗುವುದು ಅದೇ ತಿಂಗಳುಗಳಲ್ಲಿ. ಜಾರುವ ಬಂಡೆಗಳಿಂದ ಮನುಷ್ಯರ ಪ್ರಾಣಕ್ಕೂ ಆಗಲೇ ಹೆಚ್ಚು ಅಪಾಯ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಸಂದಣಿ ಮಿತಿಮೀರಿದ ಬಳಿಕ ಸರ್ಕಾರ ಚಾರಣಕ್ಕೆ ನಿರ್ಬಂಧ ಹಾಕಿತು. ಅದೇ ವರ್ಷ ಅರಣ್ಯ ಇಲಾಖೆ ಮುಂಗಡ ನೋಂದಣಿಯ ವ್ಯವಸ್ಥೆಯನ್ನು ತಂದು ಅದಕ್ಕೆ ಅರಣ್ಯ ವಿಹಾರವೆಂದು ಹೆಸರಿಟ್ಟಿತು. ವಿಹಾರವೆಂಬ ಪದಕ್ಕೆ ಮಿತಿ ಕೂಡಿಬಂದದ್ದು ಒಳ್ಳೆಯದೇ. ಆದರೆ ಸರ್ಕಾರ ವಿಧಿಸಿದ ಮಿತಿಗೆ ಕಾವಲುಗಾರ ಬೇಕು. ತಾನಾಗಿ ಸ್ವೀಕರಿಸಿದ ವ್ರತಕ್ಕೆ ಬೇಡ. ವ್ರತದ ಹಿರಿಮೆಯಿರುವುದು ಇಲ್ಲಿಯೇ.

ಆದ್ದರಿಂದ ಹಿರಿಯರು ಮಕ್ಕಳನ್ನು ತಡೆಯುವುದಕ್ಕಿಂತ ದಾರಿಗೆ ಒಂದು ಅರ್ಥವನ್ನು ಕೊಡುವುದು ಲೇಸು. ಬಸದಿಗಳ ಟ್ರಸ್ಟುಗಳು ಚಾತುರ್ಮಾಸ ಕಳೆದು ನೆಲ ಒಣಗಿದ ಮೇಲೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಗೇರುಸೊಪ್ಪೆಗೂ ಶಿರಸಿಯ ಬಳಿಯ ಸೋಂದೆಯ ಜೈನಮಠದ ಪರಿಸರಕ್ಕೂ ಸಣ್ಣ ಸಣ್ಣ ತಂಡಗಳ ಪಾದಯಾತ್ರೆಯನ್ನು ಏರ್ಪಡಿಸಬಹುದು. ಮನೆಯಿಂದಲೇ ಬುತ್ತಿ, ಸೋಸಿದ ನೀರು. ಕಾಡಿನಲ್ಲಿ ಬೆಂಕಿಯಿಲ್ಲ, ಸೂರ್ಯಾಸ್ತದ ನಂತರ ಊಟವಿಲ್ಲ. ಹೊರಡುವ ಮುನ್ನ ಇಷ್ಟೇ ದೂರ, ಇಷ್ಟೇ ದಿನವೆಂದು ಸಂಕಲ್ಪಿಸಿದರೆ ಅದು ದೇಶವ್ರತದ ಅಭ್ಯಾಸವೂ ಆದೀತು. ಅಂತಹ ನಡಿಗೆಯನ್ನು ವ್ಯರ್ಥ ಅಲೆದಾಟವೆನ್ನಲು ಯಾವ ಹಿರಿಯರಿಗೂ ಕಾರಣವಿರಲಾರದು.