ವಿಶ್ವವಿದ್ಯಾಲಯದ ಬಾನುಲಿ, ಊರಿನ ಸುದ್ದಿ: ಅಮೆರಿಕದ ಸಾರ್ವಜನಿಕ ರೇಡಿಯೋ ವಾರ್ತಾ ವಿಭಾಗ ನಡೆಯುವ ಬಗೆ

ಅಮೆರಿಕದಲ್ಲಿ ‘ಸಾರ್ವಜನಿಕ ರೇಡಿಯೋ’ ಎಂದರೆ ನಮ್ಮ ಆಕಾಶವಾಣಿಯಂತೆ ರಾಜಧಾನಿಯಿಂದ ನಡೆಯುವ ಒಂದೇ ಸಂಸ್ಥೆಯಲ್ಲ. ಅಲ್ಲಿ ನೂರಾರು ಕೇಂದ್ರಗಳು ಬೇರೆ ಬೇರೆ ಒಡೆತನದಲ್ಲಿದ್ದು, ಅವುಗಳಲ್ಲಿ ದೊಡ್ಡ ಪಾಲಿನ ಪ್ರಸಾರ ಪರವಾನಗಿ ವಿಶ್ವವಿದ್ಯಾಲಯಗಳ ಹೆಸರಿನಲ್ಲಿದೆ. ರಾಷ್ಟ್ರೀಯ ಕಾರ್ಯಕ್ರಮಗಳನ್ನು ನ್ಯಾಷನಲ್ ಪಬ್ಲಿಕ್ ರೇಡಿಯೋ (ಎನ್‌ಪಿಆರ್) ಮುಂತಾದ ಸಂಸ್ಥೆಗಳಿಂದ ಹಣ ಕೊಟ್ಟು ಪಡೆಯುವ ಈ ಕೇಂದ್ರಗಳು, ತಮ್ಮ ಊರಿನ ಸುದ್ದಿಯನ್ನು ತಾವೇ ಸಂಗ್ರಹಿಸಿ ಬಿತ್ತರಿಸುತ್ತವೆ. ಆ ಕೆಲಸದ ಹೊಣೆ ಹೊತ್ತವರು ವಾರ್ತಾ ನಿರ್ದೇಶಕರು. ಕೈಕೆಳಗೆ ಮೂರು ಮಂದಿ ವರದಿಗಾರರಿರಬಹುದು, ಎಂಟು ಮಂದಿ ಇರಬಹುದು, ಕೆಲವೊಮ್ಮೆ ಅವರೊಬ್ಬರೇ ಇರಲೂಬಹುದು.

ವಿಶ್ವವಿದ್ಯಾಲಯ ಮತ್ತು ಬಾನುಲಿಯ ನಂಟು ಹಳೆಯದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಪ್ರಯೋಗವಾಗಿ ಆರಂಭವಾದ ಕೇಂದ್ರವು 1922ರಲ್ಲಿ ಡಬ್ಲ್ಯುಎಚ್‌ಎ ಎಂಬ ಹೆಸರು ಪಡೆದು, ರೈತರಿಗೆ ಹವಾಮಾನ ಮತ್ತು ಮಾರುಕಟ್ಟೆ ಧಾರಣೆಯನ್ನು ತಿಳಿಸುತ್ತಿತ್ತು. 1945ರಲ್ಲಿ ಎಫ್‌ಎಂ ತರಂಗಪಟ್ಟಿಯ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ವಾಣಿಜ್ಯೇತರ ಶೈಕ್ಷಣಿಕ ಪ್ರಸಾರಕ್ಕೆ ಮೀಸಲಿಡಲಾಯಿತು. 1967ರ ನವೆಂಬರ್ 7ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಾರ್ವಜನಿಕ ಪ್ರಸಾರ ಕಾಯ್ದೆಗೆ ಸಹಿ ಹಾಕಿದರು. 1970ರಲ್ಲಿ ಎನ್‌ಪಿಆರ್ ಸ್ಥಾಪನೆಯಾಯಿತು; ಅದರ ಸಂಜೆಯ ವಾರ್ತಾ ಕಾರ್ಯಕ್ರಮ ‘ಆಲ್ ಥಿಂಗ್ಸ್ ಕನ್ಸಿಡರ್ಡ್’ 1971ರ ಮೇ 3ರಂದು, ಬೆಳಗಿನ ‘ಮಾರ್ನಿಂಗ್ ಎಡಿಷನ್’ 1979ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಪ್ರಸಾರವಾದವು.

ಕನ್ನಡಿಗರಿಗೂ ಇಂಥ ಕಥೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ನಡೆಸಿ ಅದನ್ನು ‘ಆಕಾಶವಾಣಿ’ ಎಂದು ಕರೆದಿದ್ದರು. ಆದರೆ ಭಾರತದಲ್ಲಿ ಶಿಕ್ಷಣ ಸಂಸ್ಥೆಗಳಿಗೆ 2002ರ ನೀತಿಯಡಿ ಸಮುದಾಯ ರೇಡಿಯೋ ಅವಕಾಶ ದೊರೆತಾಗ, ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಸಿಗಲಿಲ್ಲ. ಹೀಗಾಗಿ ಇಲ್ಲಿನ ಕ್ಯಾಂಪಸ್ ರೇಡಿಯೋಗಳಲ್ಲಿ ‘ವಾರ್ತಾ ನಿರ್ದೇಶಕ’ ಎಂಬ ಹುದ್ದೆಗೆ ಜಾಗವೇ ಇಲ್ಲ.

ಗಡಿಯಾರದ ಆಳ್ವಿಕೆ

ಇಂಥ ವಾರ್ತಾ ವಿಭಾಗದ ದಿನ ನಸುಕಿನಲ್ಲಿಯೇ ತೊಡಗುತ್ತದೆ. ‘ಮಾರ್ನಿಂಗ್ ಎಡಿಷನ್’ನ ಸ್ಥಳೀಯ ನಿರೂಪಕರು ಬೆಳಗಿನ 4 ಗಂಟೆಯ ಸುಮಾರಿಗೆ ಕಚೇರಿಗೆ ಬಂದು, ರಾತ್ರಿಯ ಅಪಘಾತ, ಬೆಂಕಿ ಅನಾಹುತ, ಹವಾಮಾನ ಎಚ್ಚರಿಕೆಗಳನ್ನು ನೋಡಿ, ಹಿಂದಿನ ದಿನ ವರದಿಗಾರರು ಬಿಟ್ಟುಹೋದ ಪ್ರತಿಗಳನ್ನು ಜೋಡಿಸುತ್ತಾರೆ. ಪ್ರತಿ ಗಂಟೆಯ ಆರಂಭದಲ್ಲಿ ಎನ್‌ಪಿಆರ್‌ನ ರಾಷ್ಟ್ರೀಯ ವಾರ್ತೆ, ಅದರ ಬೆನ್ನಿಗೇ ಸ್ಥಳೀಯ ವಾರ್ತೆಗೆ ಕೆಲವೇ ನಿಮಿಷ. ಆ ಕಿಂಡಿ ಮುಚ್ಚಿತೆಂದರೆ ರಾಷ್ಟ್ರೀಯ ಕಾರ್ಯಕ್ರಮ ಯಾರಿಗೂ ಕಾಯದೆ ಮುಂದುವರಿಯುತ್ತದೆ. ನಿರೂಪಕರ ಮಾತು ಎರಡು ಸೆಕೆಂಡ್ ಹೆಚ್ಚಾದರೂ ಕೇಳುಗರಿಗೆ ಗೊತ್ತಾಗುತ್ತದೆ.

ಈ ಕಿಂಡಿಯನ್ನು ತುಂಬುವುದೇ ಚಿಕ್ಕ ತಂಡದ ಪಾಲಿಗೆ ನಿತ್ಯದ ಕಾಟ. 40 ಸೆಕೆಂಡಿನ ಕಿರು ವರದಿ, ಒಬ್ಬರ ಧ್ವನಿಯ ತುಣುಕು ಸೇರಿಸಿದ ಒಂದು ನಿಮಿಷದ ವರದಿ, ನಿರೂಪಕ ಮತ್ತು ವರದಿಗಾರರ ನಡುವಿನ ಸಂಭಾಷಣೆ, ನಾಲ್ಕು ನಿಮಿಷದ ಪೂರ್ಣ ವರದಿ ಎಂದು ಇಲ್ಲಿ ಸುದ್ದಿಗೆ ಹಲವು ಅಳತೆಗಳಿವೆ. ನಾಲ್ಕು ನಿಮಿಷದ ವರದಿಗೆ ಮೂರು ನಾಲ್ಕು ದಿನ ಬೇಕು. ಆ ದಿನಗಳಲ್ಲಿ ಅದೇ ವರದಿಗಾರರಿಂದ ಬೆಳಗಿನ ವಾರ್ತೆಗೆ ಏನೂ ಸಿಗದು. ನಗರಸಭೆ, ಶಾಲಾ ಮಂಡಳಿ, ನ್ಯಾಯಾಲಯ, ಆಸ್ಪತ್ರೆ, ಕೃಷಿ ಎಲ್ಲವನ್ನೂ ಐದು ಜನರಿಂದ ವರದಿ ಮಾಡಿಸುತ್ತೇನೆ ಎಂದು ಹೊರಡುವ ನಿರ್ದೇಶಕರು ಆರು ತಿಂಗಳೊಳಗೆ ದಣಿಯುತ್ತಾರೆ. ಎರಡು ಮೂರು ವಿಷಯಗಳನ್ನು ಆರಿಸಿಕೊಂಡು ಉಳಿದುದನ್ನು ಬಿಡುವುದೇ ಜಾಣತನ. ಯಾವುದನ್ನು ಬಿಡಬೇಕೆಂಬ ತೀರ್ಮಾನವೇ ಈ ಹುದ್ದೆಯ ಅರ್ಧ ಕೆಲಸ ಎಂದರೆ ತಪ್ಪಾಗದು.

ಒಂದೇ ಕೇಂದ್ರಕ್ಕೆ ಸಾಧ್ಯವಾಗದ್ದನ್ನು ಹಲವು ಕೇಂದ್ರಗಳು ಕೂಡಿ ಮಾಡುವ ಪದ್ಧತಿಯೂ ಇದೆ. ಕ್ಯಾನ್ಸಸ್ ಸಿಟಿಯ ಕೆಸಿಯುಆರ್ ಮುಂದಾಳತ್ವದಲ್ಲಿ 2010ರಲ್ಲಿ ಆರಂಭವಾದ ‘ಹಾರ್ವೆಸ್ಟ್ ಪಬ್ಲಿಕ್ ಮೀಡಿಯಾ’ ಇದಕ್ಕೆ ಉದಾಹರಣೆ. ಮಧ್ಯಪಶ್ಚಿಮ ರಾಜ್ಯಗಳ ಕೇಂದ್ರಗಳು ಕೃಷಿ ಮತ್ತು ಆಹಾರದ ವರದಿಗಳನ್ನು ಇದರ ಮೂಲಕ ಹಂಚಿಕೊಳ್ಳುತ್ತವೆ.

ಪತ್ರಿಕೆಯ ಸಂಪಾದಕರಿಗೆ ವಿಚಿತ್ರವೆನಿಸುವ ಒಂದು ರೂಢಿ ಇಲ್ಲಿದೆ. ಪೂರ್ಣ ವರದಿಯನ್ನು ತಿದ್ದುವಾಗ ಸಂಪಾದಕರು ಬರಹವನ್ನು ನೋಡುವುದಿಲ್ಲ. ವರದಿಗಾರರು ಗಟ್ಟಿಯಾಗಿ ಓದುತ್ತಾ, ನಡುನಡುವೆ ಧ್ವನಿಮುದ್ರಿಕೆಯ ತುಣುಕುಗಳನ್ನು ಕೇಳಿಸುತ್ತಾ ಹೋದಂತೆ, ಸಂಪಾದಕರು ಕಿವಿಯಿಂದಲೇ ತಿದ್ದುತ್ತಾರೆ. ಕೇಳುಗರಿಗೆ ಹಿಂದಿನ ಪುಟ ತಿರುವಿ ನೋಡುವ ಅವಕಾಶವಿಲ್ಲ. ಒಮ್ಮೆ ಕೇಳಿದಾಗ ಅರ್ಥವಾಗದ ವಾಕ್ಯ ಅಲ್ಲಿಯೇ ಬಿದ್ದುಹೋಗಬೇಕು.

ಹದಿನೈದು ವಾರದ ವರದಿಗಾರರು

ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿರುವ ಕೆಬಿಐಎ ಕೇಂದ್ರ 1972ರಲ್ಲಿ ಆರಂಭವಾಯಿತು. ಅದರ ಒಡೆತನ ಮಿಸೌರಿ ವಿಶ್ವವಿದ್ಯಾಲಯದ್ದು. 1908ರಲ್ಲಿ ಸ್ಥಾಪನೆಯಾದ ಅಲ್ಲಿನ ಪತ್ರಿಕೋದ್ಯಮ ಶಾಲೆಗೆ ಈ ಕೇಂದ್ರದ ವಾರ್ತಾ ವಿಭಾಗವೇ ಪ್ರಯೋಗಶಾಲೆ. ವಿದ್ಯಾರ್ಥಿಗಳು ಪಠ್ಯದ ಭಾಗವಾಗಿ ಇಲ್ಲಿ ವರದಿ ಮಾಡುತ್ತಾರೆ. ಅವರನ್ನು ತಿದ್ದುವ ವೃತ್ತಿಪರ ಸಂಪಾದಕರೇ ಅವರಿಗೆ ಅಧ್ಯಾಪಕರು.

ಹೊರಗಿನವರಿಗೆ ಇದು ಪುಕ್ಕಟೆ ದುಡಿಮೆಯಂತೆ ಕಾಣುವುದುಂಟು. ನಡೆಸುವವರಿಗೆ ಲೆಕ್ಕ ಬೇರೆ. ಅಮೆರಿಕದ ಸೆಮಿಸ್ಟರ್ ಸುಮಾರು 15 ವಾರ. ಮೈಕನ್ನು ಬಾಯಿಯಿಂದ ಎಷ್ಟು ದೂರ ಹಿಡಿಯಬೇಕು, ನಗರಸಭೆಯ ಆಯವ್ಯಯವನ್ನು ಹೇಗೆ ಓದಬೇಕು, ಊರಿನ ಬೀದಿಗಳ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ಕಲಿಸುವಷ್ಟರಲ್ಲಿ ಮೊದಲ ಐದು ವಾರ ಮುಗಿದಿರುತ್ತದೆ. ಕೈ ಪಳಗಿತು ಎನ್ನುವ ಹೊತ್ತಿಗೆ ಪರೀಕ್ಷೆ ಬರುತ್ತದೆ. ಆಮೇಲೆ ವಿದ್ಯಾರ್ಥಿ ಹೊರಟುಹೋಗುತ್ತಾನೆ. ಬೇಸಿಗೆಯಲ್ಲಿ, ಡಿಸೆಂಬರ್ ರಜೆಯಲ್ಲಿ ಕ್ಯಾಂಪಸ್ ಬರಿದಾಗುತ್ತದೆ. ಸುದ್ದಿಗೆ ಮಾತ್ರ ರಜೆಯಿಲ್ಲ. ಆದ್ದರಿಂದ ಪ್ರತಿ ವಿಷಯದಲ್ಲೂ ಒಬ್ಬ ಕಾಯಂ ವರದಿಗಾರರನ್ನು ಇಟ್ಟುಕೊಂಡು, ವಿದ್ಯಾರ್ಥಿಗಳನ್ನು ಅವರ ಜೊತೆಗೆ ಹಾಕುವುದು ಅನುಭವಸ್ಥರ ಕ್ರಮ. ದೂರವಾಣಿ ಸಂಖ್ಯೆಗಳು, ಮೂಲಗಳ ಪರಿಚಯ, ಹಿಂದಿನ ಸಭೆಗಳ ನೆನಪು ಹೋಗುವವರ ಜೊತೆ ಹೋಗಿಬಿಡದಂತೆ ನೋಡಿಕೊಳ್ಳದಿದ್ದರೆ, ಪ್ರತಿ ಆಗಸ್ಟ್‌ನಲ್ಲೂ ಕೇಂದ್ರ ಆ ಊರಿಗೆ ಹೊಸದಾಗಿ ಬಂದಂತೆಯೇ.

ಒಡೆಯನೇ ಸುದ್ದಿಯಾದಾಗ

ಕೊಲಂಬಿಯಾದಂಥ ಊರಿನಲ್ಲಿ ವಿಶ್ವವಿದ್ಯಾಲಯವೇ ಬಹುದೊಡ್ಡ ಉದ್ಯೋಗದಾತ. ಅಲ್ಲಿನ ಪ್ರಮುಖ ಸುದ್ದಿ ಎಂದರೆ ಬಹುಪಾಲು ವಿಶ್ವವಿದ್ಯಾಲಯದ ಸುದ್ದಿಯೇ. 2015ರ ನವೆಂಬರ್‌ನಲ್ಲಿ ಕ್ಯಾಂಪಸ್‌ನ ಜನಾಂಗೀಯ ವಾತಾವರಣದ ವಿರುದ್ಧ ವಿದ್ಯಾರ್ಥಿಗಳು ಹೋರಾಟಕ್ಕಿಳಿದರು. ಒಬ್ಬ ವಿದ್ಯಾರ್ಥಿ ಉಪವಾಸ ಕುಳಿತ. ಫುಟ್‌ಬಾಲ್ ತಂಡದ ಆಟಗಾರರು ಆಟಕ್ಕಿಳಿಯುವುದಿಲ್ಲ ಎಂದರು. ನವೆಂಬರ್ 9ರಂದು ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷ ಟಿಮ್ ವುಲ್ಫ್ ರಾಜೀನಾಮೆ ಪ್ರಕಟಿಸಿದರು; ಅದೇ ದಿನ ಕೊಲಂಬಿಯಾ ಕ್ಯಾಂಪಸ್‌ನ ಚಾನ್ಸೆಲರ್ ಕೂಡ ಹುದ್ದೆ ಬಿಡುವುದಾಗಿ ತಿಳಿಸಿದರು. ಅಂದು ಕೆಬಿಐಎ ವರದಿ ಮಾಡಬೇಕಾಗಿದ್ದುದು ತನ್ನ ಪರವಾನಗಿಯ ಒಡೆಯನ ಬಗೆಗೆ. ಇನ್ನೊಂದೆಡೆ ಅದೇ ದಿನ ಪ್ರತಿಭಟನಾಕಾರರು ಮತ್ತು ಅವರ ಬೆಂಬಲಿಗರು ವಿದ್ಯಾರ್ಥಿ ಛಾಯಾಗ್ರಾಹಕರನ್ನು ಮೈದಾನದಿಂದ ತಳ್ಳಲೆತ್ನಿಸಿದ ದೃಶ್ಯ ದೇಶದಾದ್ಯಂತ ಚರ್ಚೆಯಾಯಿತು. ಎರಡೂ ಬದಿಯ ಅಸಮಾಧಾನವನ್ನು ಎದುರಿಸಿಕೊಂಡು ಮೈಕು ಹಿಡಿದವರಲ್ಲಿ ಅನೇಕರು ಇಪ್ಪತ್ತರ ಆಸುಪಾಸಿನವರು.

ಎಲ್ಲ ಕಡೆ ಸಂಗತಿ ಇಷ್ಟು ಸುಸೂತ್ರವಾಗಿ ನಡೆದಿಲ್ಲ. 2017ರ ಮಾರ್ಚ್‌ನಲ್ಲಿ ಟೆನ್ನೆಸೀ ವಿಶ್ವವಿದ್ಯಾಲಯದ ಚಟನೂಗ ಕ್ಯಾಂಪಸ್‌ಗೆ ಸೇರಿದ ಡಬ್ಲ್ಯುಯುಟಿಸಿ ಕೇಂದ್ರದ ವರದಿಗಾರ್ತಿಯೊಬ್ಬರನ್ನು ಕೆಲಸದಿಂದ ತೆಗೆಯಲಾಯಿತು. ತೃತೀಯ ಲಿಂಗಿಗಳ ಶೌಚಾಲಯ ಬಳಕೆ ಕುರಿತ ಮಸೂದೆಯ ಬಗ್ಗೆ ಪ್ರೌಢಶಾಲಾ ವಿದ್ಯಾರ್ಥಿಗಳು ಶಾಸಕರನ್ನು ಭೇಟಿಯಾದಾಗ ಅವರು ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡಿದ್ದರು. ಉಪಕರಣಗಳು ಕಣ್ಣಿಗೆ ಕಾಣುವಂತಿದ್ದರೂ, ತಾವು ವರದಿಗಾರ್ತಿ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಶಾಸಕರು ಆಕ್ಷೇಪಿಸಿದರು, ವರದಿಯನ್ನು ಹಿಂತೆಗೆದುಕೊಳ್ಳಲಾಯಿತು. ವೃತ್ತಿನೀತಿಯ ಉಲ್ಲಂಘನೆಯೇ ಕಾರಣ, ಅನುದಾನದ ಭಯವಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ಹೆಸರು ಹೇಳಿಕೊಳ್ಳದಿದ್ದುದು ತಪ್ಪೆಂದು ಎನ್‌ಪಿಆರ್‌ನ ಹಿರಿಯ ಸಂಪಾದಕರೂ ಒಪ್ಪಿದರು. ಆದರೆ ಆ ತಪ್ಪಿಗೆ ಏನು ಕ್ರಮ ಎಂಬುದನ್ನು ಕೇಂದ್ರದ ಸಂಪಾದಕರು ತೀರ್ಮಾನಿಸಬೇಕಿತ್ತೇ ಹೊರತು ವಿಶ್ವವಿದ್ಯಾಲಯದ ಅಧಿಕಾರಿಗಳಲ್ಲ ಎಂಬುದು ಅವರ ನಿಲುವಾಗಿತ್ತು. ಸಂಪಾದಕೀಯ ಸ್ವಾತಂತ್ರ್ಯದ ಬಗ್ಗೆ ಎರಡೂ ಕಡೆಯವರು ಒಪ್ಪಂದಕ್ಕೆ ಬರಬೇಕೆಂದೂ ಅವರು ಸೂಚಿಸಿದರು.

ಕಾನೂನಿನ ದೃಷ್ಟಿಯಲ್ಲಿ ಪ್ರಸಾರಕ್ಕೆ ಹೊಣೆಗಾರ ಪರವಾನಗಿದಾರನೇ, ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯೇ. ಆದ್ದರಿಂದ ‘ನಮ್ಮ ಕೆಲಸದಲ್ಲಿ ತಲೆಹಾಕಬೇಡಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಅನುಭವಸ್ಥ ನಿರ್ದೇಶಕರು ಬಿಕ್ಕಟ್ಟು ಬರುವ ಮೊದಲೇ ಲಿಖಿತ ನಿಯಮ ಮಾಡಿಸಿಕೊಳ್ಳುತ್ತಾರೆ: ಪ್ರಸಾರಕ್ಕೆ ಮುನ್ನ ಯಾವ ಅಧಿಕಾರಿಗೂ ಪ್ರತಿ ತೋರಿಸುವಂತಿಲ್ಲ, ದೂರುಗಳು ವರದಿಗಾರರಿಗಲ್ಲದೆ ಸಂಪಾದಕರಿಗೆ ಬರಬೇಕು, ವಿಶ್ವವಿದ್ಯಾಲಯದ ಪ್ರಚಾರ ವಿಭಾಗದ ಕೆಳಗೆ ವಾರ್ತಾ ವಿಭಾಗ ಇರಕೂಡದು. ಮಿಶಿಗನ್ ವಿಶ್ವವಿದ್ಯಾಲಯದ ಕೇಂದ್ರ ತನ್ನ ಒಡೆಯನ ಬಗ್ಗೆ ವರದಿ ಮಾಡುವಾಗ, ತನ್ನ ಪರವಾನಗಿ ಆ ವಿಶ್ವವಿದ್ಯಾಲಯದ ಬಳಿ ಇದೆ ಎಂದು ಕೇಳುಗರಿಗೆ ತಿಳಿಸುತ್ತದೆ.

ಅದೇ ಕೇಂದ್ರದ ಕೆಲಸ ಇನ್ನೆರಡು ಕಾರಣಗಳಿಗೆ ಉಲ್ಲೇಖನೀಯ. 2014ರ ಏಪ್ರಿಲ್‌ನಲ್ಲಿ ಫ್ಲಿಂಟ್ ನಗರದ ಕುಡಿಯುವ ನೀರಿನ ಮೂಲ ಬದಲಾದ ನಂತರ ನಲ್ಲಿ ನೀರಿನಲ್ಲಿ ಸೀಸ ಸೇರತೊಡಗಿತು. ಸೀಸದ ಚಿಂತೆಯಿದ್ದವರು ನಿರಾಳವಾಗಿರಬಹುದು ಎಂಬರ್ಥದಲ್ಲಿ ರಾಜ್ಯ ಪರಿಸರ ಇಲಾಖೆಯ ವಕ್ತಾರರು 2015ರ ಜುಲೈನಲ್ಲಿ ಹೇಳಿದ್ದು ಈ ಕೇಂದ್ರಕ್ಕೇ. ಅಕ್ಟೋಬರ್‌ನಲ್ಲಿ ನಗರ ಹಳೆಯ ನೀರಿಗೆ ಮರಳಿತು. ಡಿಸೆಂಬರ್‌ನಲ್ಲಿ ಕೇಂದ್ರ ‘ನಾಟ್ ಸೇಫ್ ಟು ಡ್ರಿಂಕ್’ ಎಂಬ ಸಾಕ್ಷ್ಯರೂಪಕ ಪ್ರಸಾರ ಮಾಡಿತು. 2018ರಲ್ಲಿ ನೆರೆಯ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಲ್ಯಾರಿ ನಾಸರ್‌ನ ಲೈಂಗಿಕ ದೌರ್ಜನ್ಯ ಕುರಿತು ಎನ್‌ಪಿಆರ್ ಜೊತೆ ‘ಬಿಲೀವ್ಡ್’ ಎಂಬ ಧ್ವನಿಸರಣಿ ತಂದಿತು. ನೆರೆಮನೆಯ ಹಗರಣ ಹೇಳುವುದು ಸುಲಭ ಎನ್ನಬಹುದು. ಎರಡು ವರ್ಷದೊಳಗೆ, 2020ರಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ್ದೇ ದಿವಂಗತ ವೈದ್ಯನೊಬ್ಬನ ಮೇಲೆ ಅಂಥದೇ ಆರೋಪಗಳು ಹೊರಬಂದವು. 2022ರಲ್ಲಿ ವಿಶ್ವವಿದ್ಯಾಲಯ 49 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಸುದ್ದಿಯನ್ನೂ ಕೇಂದ್ರ ಬಿತ್ತರಿಸಿತು.

ಹಣದ ಪ್ರಶ್ನೆ

ಕೇಳುಗರ ವಂತಿಗೆ, ಸ್ಥಳೀಯ ಸಂಸ್ಥೆಗಳ ಪ್ರಾಯೋಜನೆ, ವಿಶ್ವವಿದ್ಯಾಲಯ ಕೊಡುವ ಕಟ್ಟಡ, ವಿದ್ಯುತ್ತು ಮತ್ತು ಕೆಲವು ಸಂಬಳ, ಇವುಗಳ ಜೊತೆಗೆ ದಶಕಗಳ ಕಾಲ ಸಾರ್ವಜನಿಕ ಪ್ರಸಾರ ನಿಗಮದ ಅನುದಾನವೂ ಇತ್ತು. ದೊಡ್ಡ ನಗರಗಳ ಕೇಂದ್ರಗಳಿಗೆ ಅದು ಸಣ್ಣ ಪಾಲು. ಹಳ್ಳಿಗಾಡಿನ ಕೇಂದ್ರಗಳಿಗೆ ಬೆನ್ನೆಲುಬು. ರಾಜಕೀಯ ಒತ್ತಡ ತಪ್ಪಿಸಲೆಂದು ಈ ಹಣವನ್ನು ಎರಡು ವರ್ಷ ಮುಂಚಿತವಾಗಿಯೇ ಮಂಜೂರು ಮಾಡುವ ಕ್ರಮವಿತ್ತು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಹೀಗೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ಹಿಂಪಡೆಯಿತು. ಜುಲೈ 24ರಂದು ಅದಕ್ಕೆ ಅಧ್ಯಕ್ಷರ ಸಹಿ ಬಿತ್ತು. ಆಗಸ್ಟ್ 1ರಂದು ನಿಗಮ ತನ್ನ ಕಾರ್ಯಚಟುವಟಿಕೆ ಮುಚ್ಚುವುದಾಗಿ ಪ್ರಕಟಿಸಿತು.

ಆಯವ್ಯಯ ಬಿಗಿಯಾದಾಗ ಪರವಾನಗಿಯನ್ನೇ ಮಾರುವ ಯೋಚನೆ ವಿಶ್ವವಿದ್ಯಾಲಯಗಳಿಗೆ ಹೊಳೆಯುವುದು ಹೊಸತೇನಲ್ಲ. 2015ರಲ್ಲಿ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಲೂಥರನ್ ವಿಶ್ವವಿದ್ಯಾಲಯ ತನ್ನ ಕೆಪಿಎಲ್‌ಯು ಕೇಂದ್ರವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಮಾರುವುದಾಗಿ ಪ್ರಕಟಿಸಿತು. ಕೊಳ್ಳುವವರ ಬಳಿ ಆಗಲೇ ಕೆಯುಒಡಬ್ಲ್ಯು ಎಂಬ ಸ್ವಂತ ವಾರ್ತಾ ಕೇಂದ್ರವಿದ್ದುದರಿಂದ ಕೆಪಿಎಲ್‌ಯುವಿನ ವಾರ್ತಾ ವಿಭಾಗಕ್ಕೆ ಉಳಿಗಾಲವಿರಲಿಲ್ಲ. ಕೇಳುಗರು ವಿರೋಧಿಸಿದರು. 2016ರ ಜೂನ್ ಅಂತ್ಯದೊಳಗೆ 70 ಲಕ್ಷ ಡಾಲರ್ ಕೂಡಿಸಿದರೆ ಕೇಂದ್ರವನ್ನು ಸಮುದಾಯಕ್ಕೇ ಬಿಟ್ಟುಕೊಡಬಹುದು ಎಂಬ ಷರತ್ತಿಗೆ ಒಪ್ಪಿ ವಂತಿಗೆ ಎತ್ತತೊಡಗಿದರು. ಗಡುವಿಗೆ ಒಂದು ತಿಂಗಳಿರುವಾಗಲೇ ಹಣ ಕೂಡಿತು. ಆ ವರ್ಷದ ಆಗಸ್ಟ್ 31ರಂದು ಕೇಂದ್ರ ಕೆಎನ್‌ಕೆಎಕ್ಸ್ ಎಂಬ ಹೊಸ ಹೆಸರಿನಲ್ಲಿ ಪ್ರಸಾರ ಆರಂಭಿಸಿತು.