ಪರದೇಶದ ನೆರವು, ನಮ್ಮ ಮೇಷ್ಟರು



ಮೈಸೂರಿನ ಮಾನಸಗಂಗೋತ್ರಿಯ ಬದಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದರ ಹುಟ್ಟಿನಲ್ಲಿ ಅಮೆರಿಕೆಯ ಪಾಲೂ ಇದ್ದಿತೆಂಬುದನ್ನು ಬಲ್ಲವರು ವಿರಳ.

1952-53ರ ಮುದಲಿಯಾರ್ ಆಯೋಗವು ದೇಶದಲ್ಲಿ ವಿವಿಧೋದ್ದೇಶ ಪ್ರೌಢಶಾಲೆಗಳು ಬೇಕೆಂದಿತು. ಅಲ್ಲಿ ತಾಂತ್ರಿಕ ವಿಷಯ, ಕೃಷಿ, ವಾಣಿಜ್ಯಗಳನ್ನು ಕಲಿಸುವ ಶಿಕ್ಷಕರೆಲ್ಲಿ? ಅವರನ್ನು ಸಿದ್ಧಗೊಳಿಸಲೆಂದು ಎನ್‌ಸಿಇಆರ್‌ಟಿಯು ಅಜ್ಮೀರ್, ಭೋಪಾಲ್, ಭುವನೇಶ್ವರ ಹಾಗೂ ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಮೈಸೂರಿನದು 1963ರಲ್ಲಿ ಆರಂಭವಾಯಿತು. ಅಮೆರಿಕ ಸರ್ಕಾರದ ನೆರವಿನಡಿ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ತಜ್ಞರು ಸಲಹೆಗಾರರಾಗಿ ಬಂದರು. ನಮ್ಮ ಅಧ್ಯಾಪಕರು ತರಬೇತಿಗೆಂದು ಅಲ್ಲಿಗೆ ತೆರಳಿದರು.

ಆದರೆ 1964-66ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷ ಎಲ್ಲರಿಗೂ ಸಾಮಾನ್ಯ ಶಿಕ್ಷಣವೇ ಇರಲೆಂದು ಸೂಚಿಸಿತು. ವಿವಿಧೋದ್ದೇಶ ಶಾಲೆಯ ಕನಸು ಕರಗಿತು. ಆ ಶಾಲೆಗಳಿಗೆಂದೇ ರೂಪಿಸಿದ್ದ ತಾಂತ್ರಿಕ ಶಿಕ್ಷಕರ ಕೋರ್ಸು ಕ್ರಮೇಣ ನಿಂತುಹೋಯಿತು. ಶಾಲೆಯೇ ಇಲ್ಲವಾದ ಮೇಲೆ ಶಿಕ್ಷಕನಿಗೆ ಎಡೆಯೆಲ್ಲಿ?

ಉಳಿದದ್ದು ಮತ್ತೊಂದು. ಪದವಿಯನ್ನೂ ಬಿ.ಎಡ್. ಶಿಕ್ಷಣವನ್ನೂ ಒಂದಾಗಿ ಹೆಣೆದ ನಾಲ್ಕು ವರ್ಷಗಳ ಬಿ.ಎಸ್ಸಿ.ಎಡ್. ಮೈಸೂರಿನಲ್ಲಿ ಬೇರೂರಿತು. ವಿಜ್ಞಾನ ಶಿಕ್ಷಕರು ಎಲ್ಲೆಡೆ ಬೇಕಾಗಿದ್ದರಷ್ಟೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ಶಿಕ್ಷಕರಿಗೆ ಅಂತಹ ನಾಲ್ಕು ವರ್ಷಗಳ ಸಮಗ್ರ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದಿದೆ. ಅರುವತ್ತು ವರ್ಷಗಳ ಹಿಂದೆ ನೆಟ್ಟ ಸಸಿಯ ನೆರಳು ಇಷ್ಟು ದೂರ ಚಾಚಿದೆ!

ಅದೇ ಮೈಸೂರು ಜಿಲ್ಲೆಯ ಇನ್ನೊಂದು ಉದಾಹರಣೆ ಹೆಗ್ಗಡದೇವನಕೋಟೆ ತಾಲ್ಲೂಕಿನದು. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಮಕ್ಕಳು ತಂತಮ್ಮ ವೇಗದಲ್ಲಿ ಕಾರ್ಡುಗಳ ಮೂಲಕ ಕಲಿಯುವ ಕ್ರಮವನ್ನು ಕಂಡುಬಂದರು. ಹಿಂದಿರುಗಿ ನಮ್ಮ ಹಾಡು, ಕಥೆ, ಆಟಗಳನ್ನು ಸೇರಿಸಿ ಕನ್ನಡದ ಕಾರ್ಡುಗಳನ್ನು ತಾವೇ ರಚಿಸಿದರು. ಅದೇ 'ನಲಿ-ಕಲಿ'. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು-ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ಎಲ್ಲ ಶಾಲೆಗಳಲ್ಲೂ ಅದು ಮೊದಲಿನ ಚೈತನ್ಯದಿಂದಲೇ ನಡೆಯಿತೆನ್ನಲಾಗದು. ತಾನೇ ಬರೆದ ಕಾರ್ಡನ್ನು ಹಿಡಿದ ಮೇಷ್ಟರಿಗೂ ಇಲಾಖೆ ಕಳುಹಿಸಿದ ಪೆಟ್ಟಿಗೆಯನ್ನು ಬಿಚ್ಚುವ ಮೇಷ್ಟರಿಗೂ ವ್ಯತ್ಯಾಸವುಂಟಲ್ಲವೇ?

ಪರದೇಶದ ಹಣವೆಂದೊಡನೆ ಕೆಲವರು ಮೂಗು ಮುರಿಯುತ್ತಾರೆ, ಕೆಲವರು ಕೈಚಾಚುತ್ತಾರೆ. ಇತಿಹಾಸ ಎರಡನ್ನೂ ಒಪ್ಪುವುದಿಲ್ಲ. ಹಣವು ಬಸ್ಸಿನ ಟಿಕೇಟು, ತಜ್ಞರ ಸಂಬಳ, ಕಟ್ಟಡಗಳನ್ನು ಕೊಡಬಲ್ಲುದು. ಕೊಟ್ಟವರು ಹೊರಟ ಮೇಲೆ ಉಳಿಯುವುದು, ನಮ್ಮ ಶಾಲೆಗೆ ನಿಜವಾಗಿ ಬೇಕಾಗಿದ್ದುದು ಮತ್ತು ನಮ್ಮ ಶಿಕ್ಷಕರು ತಮ್ಮದಾಗಿಸಿಕೊಂಡದ್ದು ಮಾತ್ರ.

ನಿಮ್ಮಲ್ಲೂ ಹಲವರು ಈಗ ಶಿಕ್ಷಕರು, ಮುಖ್ಯೋಪಾಧ್ಯಾಯರು. ಮುಂದಿನ ತರಬೇತಿಗೆ ಕರೆ ಬಂದಾಗ ಅದರ ಖರ್ಚನ್ನು ಯಾರು ಭರಿಸುತ್ತಾರೆಂದು ಖಂಡಿತ ಕೇಳಿ. ಜೊತೆಗೆ, ಸೋಮವಾರದ ತರಗತಿಗೆ ಅಲ್ಲಿಂದ ಏನನ್ನು ತರಬಹುದೆಂದೂ ಕೇಳಿಕೊಳ್ಳಿ.